ಗುಳಿಗೆಯ ಗರ್ಭಪಾತ ಮತ್ತು ನೋವಿನ ಉಪಶಮನ

ನಿಯಮಗಳಿಗೊಳಪಟ್ಟ ಗರ್ಭಪಾತಕ್ಕೆ 1971ರ ಶಾಸನವು ನಮ್ಮ ದೇಶದಲ್ಲಿ ಮಾನ್ಯತೆ ನೀಡಿತು. ಆದರೂ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಮನೆಯಲ್ಲಿ ಸೇವಿಸುವ ಸ್ತ್ರೀಯು ನೋವನ್ನು ಹಲ್ಲುಕಚ್ಚಿ ಸಹಿಸಬೇಕೆಂಬ ಭಾವನೆ ವಿದ್ಯಾವಂತ ಕುಟುಂಬಗಳಲ್ಲೂ ಉಂಟು. ಇದು ಅನಾವಶ್ಯಕ.

ಮೊದಲ ಗುಳಿಗೆಯಾದ ಮಿಫೆಪ್ರಿಸ್ಟೋನ್‌ನಿಂದ ಸಾಮಾನ್ಯವಾಗಿ ಹೆಚ್ಚು ನೋವಾಗದು. ಒಂದೆರಡು ದಿನಗಳ ಬಳಿಕ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಕಿಬ್ಬೊಟ್ಟೆ ಹಿಂಡಿದಂತಾಗುವುದು ಇದರಿಂದಲೇ. ಸಾಧಾರಣವಾಗಿ 1ರಿಂದ 4 ಗಂಟೆಗಳೊಳಗೆ ಆರಂಭವಾಗುವ ಈ ನೋವು ಗರ್ಭವು ಹೊರಬೀಳುವ ವೇಳೆಗೆ ತೀವ್ರವಾಗಿ, ಅನಂತರ ಇಳಿಯುತ್ತದೆ. ಚಳಿ, ವಾಕರಿಕೆ, ಭೇದಿ ಜೊತೆಗೂಡಬಹುದು.

ಇಲ್ಲಿ ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್ ಹೆಚ್ಚು ಉಪಯುಕ್ತ. ಅದು ಮಿಸೊಪ್ರೊಸ್ಟಾಲಿನ ಕಾರ್ಯಕ್ಕೆ ಅಡ್ಡಿಯಾಗುವುದೆಂಬ ಶಂಕೆಗೆ ಆಧಾರವಿಲ್ಲ. ನೋವು ಮಿತಿಮೀರುವವರೆಗೆ ಕಾಯದೆ ವೈದ್ಯರು ತಿಳಿಸಿದ ಪ್ರಮಾಣದಲ್ಲಿ ಸೇವಿಸತಕ್ಕದ್ದು. ಹೊಟ್ಟೆಹುಣ್ಣು, ಮೂತ್ರಪಿಂಡದ ವ್ಯಾಧಿ ಉಳ್ಳವರು ಮೊದಲೇ ಅದನ್ನು ವೈದ್ಯರಿಗೆ ಹೇಳಬೇಕು. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲದ ಶಾಖವೂ ಹಿತಕರ. ಆ ದಿನ ಅಡುಗೆಮನೆಯನ್ನು ಪತಿರಾಯರು ವಹಿಸಿಕೊಂಡರೆ ಇನ್ನೂ ಹಿತ!

ಗಂಟೆಗೆ ಎರಡು ದಪ್ಪ ಪ್ಯಾಡುಗಳಂತೆ ಸತತ 2 ಗಂಟೆ ತೊಯ್ದರೆ, ಜ್ವರ 24 ಗಂಟೆ ಮೀರಿದರೆ, ಔಷಧಿಗೂ ನೋವು ಬಗ್ಗದಿದ್ದರೆ, ಒಂದೇ ಪಕ್ಕದ ನೋವಿನೊಡನೆ ತಲೆಸುತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದ ಹೊರಗೆ ನೆಲೆಸಿದ ಗರ್ಭವು ಈ ಗುಳಿಗೆಗಳಿಂದ ಕೊನೆಗೊಳ್ಳುವುದಿಲ್ಲ.