ಇಳಿದು ಬರುವ ಊರು: ಸ್ವರ್ಗದ ಬಗ್ಗೆ ನಿಮ್ಮ ಪ್ರಶ್ನೆಗಳು

ಕ್ರೈಸ್ತರ ಸತ್ಯವೇದ ಹೇಳುವ ಸ್ವರ್ಗದ ಕುರಿತು ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸುತ್ತಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಅಜ್ಜಿಯನ್ನು ಮಣ್ಣು ಮಾಡಿದ ದಿನ ನಮ್ಮ ಪಾಸ್ಟರ್ ಎರಡು ಮಾತು ಹೇಳಿದರು. ಮನೆಯಲ್ಲಿ, ‘ಅಜ್ಜಿ ಈಗಾಗಲೇ ಕರ್ತನ ಹತ್ತಿರ ಇದ್ದಾರೆ’ ಅಂದರು. ಸಮಾಧಿಯ ಬಳಿ, ‘ಕಡೇ ದಿನ ಇದೇ ಮಣ್ಣಿನಿಂದ ಏಳುತ್ತಾರೆ’ ಅಂದರು. ಸ್ವರ್ಗ ಸೇರಿದವರು ಮತ್ತೆ ಮಣ್ಣಿನಿಂದ ಏಳುವುದು ಯಾತಕ್ಕೆ? ಅಪ್ಪನನ್ನು ಕೇಳಿದೆ, ಸುಮ್ಮನಿರು ಅಂದರು.
— ಓದುಗಿ, ಹಾಸನ

ಉತ್ತರ: ಸುಮ್ಮನಿರಬೇಕಾದ ಪ್ರಶ್ನೆಯಲ್ಲಮ್ಮ ಇದು. ಒಬ್ಬ ಪೋಪರನ್ನೇ ಪೇಚಿಗೆ ಸಿಕ್ಕಿಸಿದ ಪ್ರಶ್ನೆ.

ಎರಡೂ ಮಾತಿಗೆ ಹೊಸ ಒಡಂಬಡಿಕೆಯಲ್ಲಿ ಆಧಾರವಿದೆ. ಲೂಕನ ಸುವಾರ್ತೆಯಲ್ಲಿ ಯೇಸು ತನ್ನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿಗೆ, ನೀನು ಈ ಹೊತ್ತೇ ನನ್ನ ಜೊತೆ ಪರದೈಸಿನಲ್ಲಿರುವೆ ಎಂದು ಭರವಸೆ ಕೊಡುತ್ತಾನೆ. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುವ ಪೌಲನಿಗೂ, ದೇಹ ಬಿಟ್ಟರೆ ಕ್ರಿಸ್ತನ ಬಳಿ ಸೇರುತ್ತೇನೆಂಬ ಆಸೆ. ಆದರೆ ಅದೇ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಸತ್ತವರು ಏಳುವುದೇ ಸುಳ್ಳಾದರೆ ನಮ್ಮ ನಂಬಿಕೆಯೇ ದಂಡ ಎಂದು ಖಡಾಖಂಡಿತವಾಗಿ ವಾದಿಸುತ್ತಾನೆ. ಅಲ್ಲಿ ಅವನ ತೂಕವೆಲ್ಲ ಇರುವುದು ಪುನರುತ್ಥಾನದ ಮೇಲೆ. ಸಾವಿನ ಮರುಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ ಅವನು ಬರೆದದ್ದು ಬಹಳ ಕಡಿಮೆ.

ಈ ಎರಡನ್ನು ಜೋಡಿಸುವುದು ಹೇಗೆ? 1331ರಲ್ಲಿ ಅವಿಞಾನ್‌ನಲ್ಲಿದ್ದ ಪೋಪ್ 22ನೇ ಜಾನ್, ಸತ್ತ ಸಂತರು ಕೂಡ ಕಡೇ ತೀರ್ಪಿನ ತನಕ ದೇವರ ಮುಖದರ್ಶನವನ್ನು ಪೂರ್ತಿಯಾಗಿ ಪಡೆಯುವುದಿಲ್ಲ ಎಂದು ಪ್ರಸಂಗ ಮಾಡಿದರು. ದೊಡ್ಡ ಗದ್ದಲವಾಯಿತು. ಪ್ಯಾರಿಸ್ಸಿನ ದೈವಶಾಸ್ತ್ರಿಗಳು ತಿರುಗಿಬಿದ್ದರು. 1334ರಲ್ಲಿ, ಸಾಯುವ ಮುನ್ನ, ಪೋಪ್ ಆ ಮಾತನ್ನು ಹಿಂತೆಗೆದುಕೊಂಡರು. ಅವರ ನಂತರ ಬಂದ 12ನೇ ಬೆನೆಡಿಕ್ಟ್ 1336ರಲ್ಲಿ, ಶುದ್ಧರಾದ ಆತ್ಮಗಳು ಕಡೇ ದಿನಕ್ಕೆ ಕಾಯದೆ ದೇವರನ್ನು ಕಾಣುತ್ತವೆ ಎಂದು ವಿಧಿಸಿದರು. ಕ್ಯಾಥೊಲಿಕರಿಗೆ ಇಂದಿಗೂ ಅದೇ ಬೋಧನೆ. ಪ್ರೊಟೆಸ್ಟೆಂಟರಲ್ಲೂ ಜಗಳ ತಪ್ಪಲಿಲ್ಲ: ಲೂಥರ್ ಹಲವೆಡೆ ಸಾವನ್ನು ನಿದ್ದೆಯಂತೆ ಬಣ್ಣಿಸಿದರೆ, ಆತ್ಮ ನಿದ್ರಿಸುವುದಿಲ್ಲ ಎಂದು ಸಾಧಿಸಲು ಕಾಲ್ವಿನ್ ಒಂದು ಪುಸ್ತಕವನ್ನೇ ಬರೆದ.

ನಿಮ್ಮ ಪಾಸ್ಟರ್ ಹೇಳಿದ ಎರಡು ಮಾತೂ ಸರಿ, ಆದರೆ ಅವು ಎರಡು ಘಟ್ಟದ ಮಾತು. ಸತ್ತ ಮೇಲೆ ದೇವರ ಬಳಿ ಇರುವುದು ಮೊದಲ ಘಟ್ಟ, ಅದು ತಂಗುದಾಣ. ಹೊಸ ದೇಹ ಪಡೆದು ಹೊಸ ಭೂಮಿಯಲ್ಲಿ ಬದುಕುವುದು ಕೊನೆಯ ಘಟ್ಟ. ನಮ್ಮ ಸಭೆಗಳ ಹಾಡುಗಳಲ್ಲಿ, ಶವಸಂಸ್ಕಾರದ ಪ್ರಸಂಗಗಳಲ್ಲಿ ತಂಗುದಾಣವನ್ನೇ ಊರು ಅಂದುಕೊಂಡು ಬಿಟ್ಟಿದ್ದೇವೆ ಎಂಬುದು ನನ್ನ ತಕರಾರು. 381ರ ವಿಶ್ವಾಸ ಪ್ರಮಾಣ ಮುಗಿಯುವುದು ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವದ ನಿರೀಕ್ಷೆಯೊಂದಿಗೆ. ಆತ್ಮ ಮೇಲಕ್ಕೆ ಹಾರಿಹೋಗುವುದರ ಪ್ರಸ್ತಾಪವೇ ಅಲ್ಲಿಲ್ಲ.

ಪ್ರಶ್ನೆ: ಐಶ್ವರ್ಯವಂತ ಸ್ವರ್ಗಕ್ಕೆ ಹೋಗುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಅಂತ ಯೇಸು ಹೇಳಿದ್ದಾರಂತೆ. ನಾನು ಕಾಳುಕಡಿ ವ್ಯಾಪಾರಿ, ನಾಲ್ಕು ಕಾಸು ಮಾಡಿದ್ದೇನೆ. ಸೂಜಿಯ ಕಣ್ಣು ಅಂದರೆ ಜೆರೂಸಲೇಮಿನ ಒಂದು ಸಣ್ಣ ಬಾಗಿಲು, ಒಂಟೆ ಮಂಡಿಯೂರಿ ಹೋಗಬಹುದಿತ್ತು ಅಂತ ಗೆಳೆಯರೊಬ್ಬರು ಸಮಾಧಾನ ಹೇಳಿದರು. ನಿಜವೆ?
— ಓದುಗರು, ಗದಗ

ಉತ್ತರ: ಆ ಬಾಗಿಲಿನ ಕಥೆಯನ್ನು ಬಿಟ್ಟುಬಿಡಿ. ಯೇಸುವಿನ ಕಾಲದ ಜೆರೂಸಲೇಮಿನಲ್ಲಿ ಅಂಥದ್ದೊಂದು ಇತ್ತು ಎನ್ನುವುದಕ್ಕೆ ಪುರಾವೆಯಿಲ್ಲ. ಹಣವಂತರನ್ನು ಸಮಾಧಾನ ಮಾಡಲು ಬಹಳ ತಡವಾಗಿ ಹುಟ್ಟಿದ ಕಥೆ ಅದು. ಒಂಟೆ ಒಂಟೆಯೇ, ಸೂಜಿ ಸೂಜಿಯೇ.

ಆದರೆ ಮತ್ತಾಯನ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಒಂದು ವಚನದಲ್ಲಿ ‘ಪರಲೋಕ ರಾಜ್ಯ’ ಎಂದಿದೆ, ಮರುವಚನದಲ್ಲೇ ಅದಕ್ಕೆ ‘ದೇವರ ರಾಜ್ಯ’ ಎಂದಿದೆ. ಮಾರ್ಕ, ಲೂಕ ಇಬ್ಬರೂ ಇದೇ ಪ್ರಸಂಗದಲ್ಲಿ ದೇವರ ರಾಜ್ಯ ಎಂದೇ ಬರೆಯುತ್ತಾರೆ. ಅಂದರೆ ಇಲ್ಲಿ ಮಾತು ಸತ್ತ ಮೇಲೆ ಹೋಗುವ ಸ್ಥಳದ್ದಷ್ಟೇ ಅಲ್ಲ, ದೇವರ ಆಳ್ವಿಕೆಯದು. ಯೇಸುವಿನ ಸಾಮತಿಗಳಲ್ಲಿ ಅದು ಸಾಸಿವೆ ಕಾಳಿನ ಹಾಗೆ ಮಣ್ಣಿನಲ್ಲೇ ಬೆಳೆಯುತ್ತದೆ, ಹುಳಿಹಿಟ್ಟಿನ ಹಾಗೆ ಇದೇ ಲೋಕದ ಹಿಟ್ಟನ್ನು ಉಬ್ಬಿಸುತ್ತದೆ. ಅವನು ಕಲಿಸಿದ ಪ್ರಾರ್ಥನೆಯೂ ಪರಲೋಕದಲ್ಲಿ ನಡೆಯುವ ದೇವರ ಚಿತ್ತ ಭೂಮಿಯ ಮೇಲೂ ನಡೆಯಲಿ ಎಂದೇ ಬೇಡುತ್ತದೆ. ಒಂಟೆಯ ಮಾತಿಗೆ ಮುನ್ನ ಯೇಸುವಿನ ಬಳಿ ಬಂದಿದ್ದ ಧನಿಕ ಯುವಕನಿಗೆ ಸಿಕ್ಕ ಆಜ್ಞೆಯೂ ಇಲ್ಲಿಯದೇ: ಮಾರು, ಬಡವರಿಗೆ ಕೊಡು. ಅವನು ಮುಖ ಸಪ್ಪೆ ಮಾಡಿಕೊಂಡು ಹೋದ. ಹಾಗಾದರೆ ಯಾರಿಗೆ ರಕ್ಷಣೆ ಎಂದು ಶಿಷ್ಯರು ಗಾಬರಿಯಾದಾಗ, ಮನುಷ್ಯರಿಗೆ ಆಗದ್ದು ದೇವರಿಗೆ ಆಗುತ್ತದೆ ಎಂಬ ಉತ್ತರ ಬಂತು. ಅಷ್ಟು ಸಮಾಧಾನ ನಿಮಗೂ ಉಂಟು. ಅದಕ್ಕಿಂತ ಹೆಚ್ಚಿನದನ್ನು ನಾನು ಕೊಡಲಾರೆ.

ಪ್ರಶ್ನೆ: ನಮ್ಮ ಪುರಾಣಗಳ ಸ್ವರ್ಗಕ್ಕೂ ಕ್ರೈಸ್ತರ ಸ್ವರ್ಗಕ್ಕೂ ಏನು ವ್ಯತ್ಯಾಸ? ಹೆಸರೊಂದೇ ಅಲ್ಲವೆ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಇಂದ್ರಲೋಕ ಪುಣ್ಯದ ಫಲ, ಪುಣ್ಯ ತೀರಿದ ಮೇಲೆ ಜೀವ ಮತ್ತೆ ಭೂಮಿಗೆ ಬರಬೇಕು ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಬಿಡುಗಡೆ ಎಂದರೆ ಮೋಕ್ಷ, ಸ್ವರ್ಗವಲ್ಲ. ಸತ್ಯವೇದದಲ್ಲಿ ಮರುಜನ್ಮದ ಸುತ್ತು ಇಲ್ಲ. ಪುಣ್ಯದ ಲೆಕ್ಕವೂ ಹಾಗೇ ನಡೆಯುವುದಿಲ್ಲ. ಶಿಲುಬೆಯ ಮೇಲಿನ ಕಳ್ಳನಿಗೆ ಪುಣ್ಯ ಗಳಿಸಲು ಪುರಸೊತ್ತೇ ಇರಲಿಲ್ಲ. ಹಾಗೆಂದು ನಡತೆ ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಮತ್ತಾಯನ 25ನೇ ಅಧ್ಯಾಯದ ತೀರ್ಪಿನಲ್ಲಿ ಕೇಳುವುದೆಲ್ಲ ಹಸಿದವರಿಗೆ ಉಣಿಸಿದಿರಾ, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ ಎಂದೇ.

ಇನ್ನೊಂದು ವಿಷಯ ನಿಮಗೆ ಸೋಜಿಗ ಎನಿಸಬಹುದು. ಹಳೆಯ ಒಡಂಬಡಿಕೆಯ ಬಹುಭಾಗದಲ್ಲಿ ಸತ್ತವರು ಸ್ವರ್ಗಕ್ಕೆ ಹೋಗುವುದೇ ಇಲ್ಲ. ಒಳ್ಳೆಯವರು, ಕೆಟ್ಟವರು, ಎಲ್ಲರೂ ಇಳಿಯುವುದು ಪಾತಾಳಕ್ಕೆ. ಪ್ರವಾದಿ ಸಮುವೇಲನಂಥವನನ್ನೂ ಎಂದೋರಿನ ಮಾಟಗಾತಿ ಕೆಳಗಿನಿಂದಲೇ ಎಬ್ಬಿಸುತ್ತಾಳೆ. ಆಕಾಶ ದೇವರದು, ಭೂಮಿ ಮನುಷ್ಯರದು ಎಂಬುದು ಕೀರ್ತನೆಗಳ ಲೆಕ್ಕಾಚಾರ. ಬಿರುಗಾಳಿಯಲ್ಲಿ ಮೇಲೇರಿದ ಎಲೀಯನಂಥವರು ಅಪವಾದ. ಸೊಲೊಮೋನನಂತೂ ದೇವಾಲಯದ ಪ್ರತಿಷ್ಠೆಯ ದಿನ, ಆಕಾಶಗಳೂ ನಿನಗೆ ಸಾಲವು ಎಂದು ದೇವರಿಗೆ ಹೇಳಿಬಿಡುತ್ತಾನೆ.

ಸತ್ತವರು ಏಳುವ ನಂಬಿಕೆ ನಿಚ್ಚಳವಾಗಿ ಕಾಣುವುದು ದಾನಿಯೇಲನ ಗ್ರಂಥದ 12ನೇ ಅಧ್ಯಾಯದಲ್ಲಿ. ಕ್ರಿ.ಪೂ. 167ರ ಸುಮಾರಿಗೆ ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕನು ಯೆಹೂದಿ ಧರ್ಮವನ್ನೇ ನಿಷೇಧಿಸಿ, ಪಾಲಿಸಿದವರನ್ನು ಕೊಲ್ಲಿಸಿದ. ಧರ್ಮಕ್ಕಾಗಿ ಜೀವ ತೆತ್ತವರಿಗೆ ದೇವರು ನ್ಯಾಯ ಕೊಡುವುದು ಯಾವಾಗ ಎಂಬ ಕೂಗು ಆಗ ಎದ್ದಿತು. ಮಕ್ಕಬಿಯರ ಎರಡನೇ ಗ್ರಂಥದಲ್ಲಿ ತಾಯಿಯ ಕಣ್ಣೆದುರೇ ಏಳು ಮಕ್ಕಳನ್ನು ಚಿತ್ರಹಿಂಸೆ ಮಾಡಿ ಕೊಲ್ಲುತ್ತಾರೆ. ಅವರಲ್ಲೊಬ್ಬ ಕೈ ಚಾಚಿ, ದೇವರು ಕೊಟ್ಟ ಈ ಕೈಗಳನ್ನು ದೇವರಿಂದಲೇ ಮರಳಿ ಪಡೆಯುತ್ತೇನೆ ಎನ್ನುತ್ತಾನೆ. ಸುಖದ ಆಸೆಯಲ್ಲ, ನ್ಯಾಯದ ಹಟ ಹುಟ್ಟಿಸಿದ ನಂಬಿಕೆ ಇದು. ದೇಹವೇ ಮರಳಿ ಬೇಕು ಎನ್ನುವುದೂ ಅದಕ್ಕೇ, ಪೆಟ್ಟು ತಿಂದದ್ದು ದೇಹ ತಾನೆ?

ಪ್ರಶ್ನೆ: ಚಿನ್ನದ ಬೀದಿ, ಮುತ್ತಿನ ಬಾಗಿಲು ಅಂತೆಲ್ಲ ಓದುವಾಗ ಆಭರಣದ ಅಂಗಡಿಯ ಜಾಹೀರಾತು ನೆನಪಾಗುತ್ತದೆ. ತಪ್ಪಾದರೆ ಕ್ಷಮಿಸಿ, ಸರ್. ಇದನ್ನೆಲ್ಲ ಹಾಗ್ಹಾಗೇ ನಂಬಬೇಕಾ?
— ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ತಪ್ಪೇನಿಲ್ಲ. ಮೊದಲು ಅಳತೆ ನೋಡು. ಪ್ರಕಟನೆ ಗ್ರಂಥದ 21ನೇ ಅಧ್ಯಾಯದ ಹೊಸ ಜೆರೂಸಲೇಮ್ 12,000 ಸ್ತಾದಿಯ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಇಂದಿನ ಲೆಕ್ಕದಲ್ಲಿ ಸುಮಾರು 2,200 ಕಿ.ಮೀ., ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದಷ್ಟು ದೂರ. ಅದರ ಗೋಡೆಯೋ 144 ಮೊಳ, 65 ಮೀಟರಿನ ಆಸುಪಾಸು. ಅಷ್ಟೆತ್ತರದ ಊರಿಗೆ ಇಷ್ಟು ಗೋಡೆ! ಯಾವ ಎಂಜಿನಿಯರೂ ಸಹಿ ಹಾಕುವ ನಕ್ಷೆಯಲ್ಲ ಇದು. 12 ಇಸ್ರೇಲಿನ ಕುಲಗಳ ಸಂಖ್ಯೆ, ಅಪೊಸ್ತಲರ ಸಂಖ್ಯೆಯೂ ಹೌದು. ಹನ್ನೆರಡನ್ನು ಹನ್ನೆರಡರಿಂದ ಗುಣಿಸಿದರೆ 144. ಬರೆದವನು ಲೆಕ್ಕದಲ್ಲಿ ಮಾತಾಡುತ್ತಿದ್ದಾನೆ.

ಈಗ ಆಕಾರ ನೋಡು. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿರುವ ಇನ್ನೊಂದು ಜಾಗ ಸತ್ಯವೇದದಲ್ಲಿದೆ: ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳ. ಮೂರೂ ಕಡೆ 20 ಮೊಳ, ಒಳಗೆಲ್ಲ ಚಿನ್ನದ ತಗಡು. ಅಲ್ಲಿಗೆ ಕಾಲಿಡುವ ಹಕ್ಕಿದ್ದದ್ದು ಮಹಾಯಾಜಕನೊಬ್ಬನಿಗೆ, ಅದೂ ವರ್ಷಕ್ಕೆ ಒಂದೇ ದಿನ. ಪ್ರಕಟನೆ ಬರೆದ ಯೋಹಾನನ ದರ್ಶನದಲ್ಲಿ ಆ ಕೋಣೆಯೇ ಒಂದು ಊರಾಗಿದೆ. ಚಿನ್ನ ಬಂದದ್ದು ಅಲ್ಲಿಂದ, ಶ್ರೀಮಂತಿಕೆ ತೋರಿಸಲಲ್ಲ. ಮಹಾಯಾಜಕನಿಗೆ ಮಾತ್ರ ಇದ್ದ ಸಾಮೀಪ್ಯ ಈಗ ಬೀದಿಯಲ್ಲಿ ಓಡಾಡುವ ಎಲ್ಲರಿಗೂ ಉಂಟು. ಅದಕ್ಕೇ ಆ ಊರಿನಲ್ಲಿ ದೇವಾಲಯ ಇಲ್ಲ. ಗ್ರಂಥ ರಚನೆಯಾದದ್ದು ಕ್ರಿ.ಶ. 95ರ ಸುಮಾರಿಗೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಜೆರೂಸಲೇಮಿನ ದೇವಾಲಯವನ್ನು ರೋಮನ್ ಸೈನ್ಯ 70ರಲ್ಲೇ ಸುಟ್ಟು ಹಾಕಿತ್ತು. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ ಅದನ್ನು ಮತ್ತೆ ಕಟ್ಟಿಸಿಕೊಡು ಎಂದು ಬೇಡುವುದಿಲ್ಲ. ದೇವಾಲಯದ ಅಗತ್ಯವೇ ಇಲ್ಲದ ಊರನ್ನು ಕಾಣುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಊರು ಯಾವ ದಿಕ್ಕಿಗೆ ಚಲಿಸುತ್ತದೆ ಎಂಬುದು. ಜನ ಅಲ್ಲಿಗೆ ಏರಿ ಹೋಗುವುದಿಲ್ಲ, ಊರೇ ಕೆಳಗಿಳಿದು ಬರುತ್ತದೆ, ದೇವರು ಮನುಷ್ಯರ ನಡುವೆ ಬಿಡಾರ ಹೂಡುತ್ತಾನೆ. ಈಗಿರುವ ಆಕಾಶವೂ ಭೂಮಿಯೂ ಎರಡೂ ಹೋಗಿ, ಎರಡೂ ಹೊಸದಾಗುತ್ತವೆ. ಯೆಶಾಯನ 65ನೇ ಅಧ್ಯಾಯದಲ್ಲಿ ಮನೆ ಕಟ್ಟಿ, ದ್ರಾಕ್ಷಿ ನೆಟ್ಟು, ನೆಟ್ಟವರೇ ಹಣ್ಣು ತಿನ್ನುವ ಚಿತ್ರವಿದೆ. ಯೋಹಾನನಿಗೆ ಹೊಸ ಆಕಾಶ, ಹೊಸ ಭೂಮಿಯ ಮಾತು ಸಿಕ್ಕಿದ್ದು ಅಲ್ಲಿಂದಲೇ. ಈ ಭೂಮಿ ಹೇಗಾದರೂ ಸುಟ್ಟುಹೋಗುವುದು ತಾನೆ, ಕಾಡು ಕೆರೆ ಯಾಕೆ ಉಳಿಸಬೇಕು ಎನ್ನುವ ಪ್ರಸಂಗಗಳನ್ನು ಕೇಳಿದಾಗ ನನಗೆ ಸಿಟ್ಟು ಬರುವುದು ಈ ಎರಡು ಅಧ್ಯಾಯಗಳ ದೆಸೆಯಿಂದ.

ಪ್ರಶ್ನೆ: ಸ್ವರ್ಗದಲ್ಲಿ 1,44,000 ಜನರಿಗೆ ಮಾತ್ರ ಜಾಗವಂತೆ. ಹೌದೆ?
— ಗೃಹಿಣಿ, ಬೆಂಗಳೂರು

ಉತ್ತರ: ಪರಲೋಕಕ್ಕೆ ಅಷ್ಟೇ ಜನ, ಉಳಿದ ನಂಬಿಗಸ್ತರಿಗೆ ಭೂಮಿಯೇ ಪರದೈಸು ಎಂಬುದು ಯೆಹೋವನ ಸಾಕ್ಷಿಗಳ ಬೋಧನೆ. ಉಳಿದ ಸಭೆಗಳಲ್ಲಿ ಹೆಚ್ಚಿನವು ಒಪ್ಪುವುದಿಲ್ಲ. ಪ್ರಕಟನೆ 7ರಲ್ಲಿ ಆ ಸಂಖ್ಯೆ ಮುಗಿದ ಕೂಡಲೇ ಎಲ್ಲ ಜನಾಂಗ, ಎಲ್ಲ ಭಾಷೆಗಳಿಂದ ಬಂದ, ಎಣಿಸಲಾಗದ ಗುಂಪೊಂದು ಸಿಂಹಾಸನದ ಮುಂದೆ ನಿಂತಿರುತ್ತದೆ. ಮುಂದಿನ ವಚನವನ್ನೂ ಓದಿ, ಅಷ್ಟೇ.

ಪ್ರಶ್ನೆ: ನನ್ನ ಮನೆಯವರು ತೀರಿಕೊಂಡರು. ಸ್ವರ್ಗದಲ್ಲಿ ಗಂಡ ಹೆಂಡತಿ ಸಂಬಂಧ ಇರುವುದಿಲ್ಲ ಅಂತ ಸತ್ಯವೇದದಲ್ಲೇ ಇದೆಯಂತಲ್ಲ. ಹಾಗಾದರೆ ಆಕೆ ನನಗೆ ಅಲ್ಲಿ ಯಾರೋ ಪರಕೀಯಳೇ?
— ಹಿರಿಯ ಓದುಗರು, ಧಾರವಾಡ

ಉತ್ತರ: ಹಿರಿಯರೇ, ಆ ಮಾತು ಬಂದ ಸಂದರ್ಭವನ್ನು ಮೊದಲು ನೋಡೋಣ. ಪುನರುತ್ಥಾನವನ್ನೇ ನಂಬದ ಸದ್ದುಕಾಯರು ಯೇಸುವನ್ನು ಸಿಕ್ಕಿಸಲು ಒಂದು ಒಗಟು ಒಡ್ಡಿದರು. ಮಕ್ಕಳಿಲ್ಲದೆ ಅಣ್ಣ ಸತ್ತರೆ ತಮ್ಮ ಅತ್ತಿಗೆಯನ್ನು ಮದುವೆಯಾಗಿ ಅಣ್ಣನ ಹೆಸರು ಉಳಿಸಬೇಕೆಂಬುದು ಮೋಶೆಯ ಕಟ್ಟಳೆ. ಹಾಗೆ ಏಳು ಜನ ಅಣ್ಣತಮ್ಮಂದಿರನ್ನು ವರಿಸಿದವಳು ಕಡೆಗೆ ಯಾರ ಹೆಂಡತಿ? ಆ ಹೆಣ್ಣಿನ ಬಗ್ಗೆ ಅವರಿಗೆ ಕನಿಕರವಿರಲಿಲ್ಲ, ಆಕೆ ಯಾರ ಸೊತ್ತು ಎಂಬುದಷ್ಟೇ ಬೇಕಿತ್ತು. ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂದು ಯೇಸು ಆ ಲೆಕ್ಕವನ್ನೇ ಅಳಿಸಿದ. ಅವರು ಇನ್ನು ಸಾಯಲಾರರು ಎಂಬ ಕಾರಣವನ್ನು ಲೂಕ ಸೇರಿಸುತ್ತಾನೆ. ಸಾವಿಲ್ಲದ ಕಡೆ ಹೆಸರು ಉಳಿಸುವ ಕಟ್ಟಳೆ ಬೇಕಿಲ್ಲ.

ಒಬ್ಬರನ್ನೊಬ್ಬರು ಗುರುತಿಸುವುದಿಲ್ಲ ಎಂದು ಅಲ್ಲಿ ಎಲ್ಲೂ ಇಲ್ಲ. ಸುಮಾರು ಕ್ರಿ.ಶ. 50ರಲ್ಲಿ ಥೆಸಲೊನೀಕದವರು, ತಮ್ಮವರು ಕ್ರಿಸ್ತನ ಬರೋಣಕ್ಕೆ ಮೊದಲೇ ಸತ್ತುಹೋದರಲ್ಲ ಎಂದು ಕಂಗಾಲಾಗಿದ್ದರು. ಪೌಲ ಅವರಿಗೆ ಅಳಬೇಡಿ ಎನ್ನಲಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ಅಳಬೇಡಿ ಎಂದ. ಸತ್ತವರೂ ಬದುಕಿರುವವರೂ ಜೊತೆಯಾಗಿಯೇ ಕರ್ತನನ್ನು ಎದುರುಗೊಳ್ಳುತ್ತಾರೆ ಎಂಬುದೇ ಅವನು ಕೊಟ್ಟ ಸಮಾಧಾನ. ಜೊತೆಯಾಗಿ ಎನ್ನುವುದನ್ನು ತೆಗೆದರೆ ಆ ಪತ್ರದ ಸಮಾಧಾನದಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಮನೆಯವರು ನಿಮಗೆ ಪರಕೀಯರಾಗುತ್ತಾರೆಂದು ನಾನು ನಂಬುವುದಿಲ್ಲ.

ಪ್ರಶ್ನೆ: ಸ್ವರ್ಗದ ಬಾಗಿಲಲ್ಲಿ ಸಂತ ಪೇತ್ರ ಬೀಗದ ಕೈ ಹಿಡಿದು, ಹೆಸರು ವಿಚಾರಿಸಿ ಒಳಗೆ ಬಿಡುವುದು ಎಷ್ಟನೇ ಅಧ್ಯಾಯದಲ್ಲಿದೆ?
— ಓದುಗರು, ಶಿವಮೊಗ್ಗ

ಉತ್ತರ: ಯಾವ ಅಧ್ಯಾಯದಲ್ಲೂ ಇಲ್ಲ. ಬೀಗದ ಕೈಗಳ ಮಾತು ಮತ್ತಾಯ 16ರಲ್ಲಿದೆ, ಉಳಿದದ್ದು ಚಿತ್ರಕಾರರ ಮತ್ತು ನಗೆಹನಿಗಾರರ ಕೈವಾಡ. ಪ್ರಕಟನೆಯಲ್ಲಿ ಪೇತ್ರನ ಹೆಸರು ಬಾಗಿಲ ಮೇಲಲ್ಲ, ಗೋಡೆಯ ಅಸ್ತಿವಾರದಲ್ಲಿ ಉಳಿದ ಹನ್ನೊಂದು ಅಪೊಸ್ತಲರ ಹೆಸರುಗಳ ಜೊತೆಗಿದೆ. ಬಾಗಿಲುಗಳು ಹನ್ನೆರಡು, ಒಂದೊಂದರಲ್ಲೂ ಒಬ್ಬೊಬ್ಬ ದೇವದೂತ. ಆ ಬಾಗಿಲುಗಳನ್ನು ಹಗಲಿನಲ್ಲಿ ಮುಚ್ಚುವುದಿಲ್ಲ ಎಂದು ಬರೆದಿದೆ. ರಾತ್ರಿಯಂತೂ ಅಲ್ಲಿ ಇಲ್ಲವೇ ಇಲ್ಲ.