ಬಿಸಿಲು ಬರೆದ ಮುಖಗಳು

ತನ್ನ ರೂಪವನ್ನು ಮುಂದಿನ ತಲೆಮಾರಿಗೆ ಉಳಿಸಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ಅರಸರು ಶಿಲ್ಪಿಗಳಿಂದ ವಿಗ್ರಹಗಳನ್ನು ಕೆತ್ತಿಸಿದರು. ಸಿರಿವಂತರು ಚಿತ್ರಕಾರರಿಂದ ಭಾವಚಿತ್ರಗಳನ್ನು ಬರೆಸಿಕೊಂಡರು. ದುಡಿದು ಉಣ್ಣುವ ಜನರ ಮುಖಗಳು ಮಾತ್ರ ಅವರೊಡನೆಯೇ ಅಳಿದುಹೋಗುತ್ತಿದ್ದವು. 19ನೆಯ ಶತಮಾನದಲ್ಲಿ ಹುಟ್ಟಿದ ಛಾಯಾಗ್ರಹಣವು ಈ ಸ್ಥಿತಿಯನ್ನು ಬದಲಿಸಿತು. ಆ ಕಲೆಯ ಮೊದಲ ದಿನಗಳಲ್ಲಿ ಸೂರ್ಯನೇ ದೀಪ, ಬಯಲೇ ಚಿತ್ರಶಾಲೆ.

1843ರ ಮೇ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 400ಕ್ಕೂ ಹೆಚ್ಚು ಪಾದ್ರಿಗಳು ಅಲ್ಲಿನ ಅಧಿಕೃತ ಚರ್ಚನ್ನು ತೊರೆದು ಸ್ವತಂತ್ರ ಚರ್ಚನ್ನು ಸ್ಥಾಪಿಸಿದರು. ಈ ಘಟನೆಯನ್ನು ಒಂದೇ ಚಿತ್ರಪಟದಲ್ಲಿ ಬರೆಯಬೇಕೆಂದು ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಚಿತ್ರಕಾರನು ಸಂಕಲ್ಪಿಸಿದನು. ಆದರೆ ನೂರಾರು ಮುಖಗಳನ್ನು ಕೈಯಿಂದ ಬರೆದುಕೊಳ್ಳುವಷ್ಟರಲ್ಲಿ ಅವರೆಲ್ಲರೂ ತಮ್ಮ ತಮ್ಮ ಊರುಗಳಿಗೆ ಚದುರಿಹೋಗುವ ಸಂಭವವಿತ್ತು. ಆಗ ವಿಜ್ಞಾನಿ ಡೇವಿಡ್ ಬ್ರೂಸ್ಟರನು ಹಿಲ್‌ನಿಗೆ ರಾಬರ್ಟ್ ಆಡಮ್‌ಸನ್ ಎಂಬ 22 ವರ್ಷದ ತರುಣನನ್ನು ಪರಿಚಯಿಸಿದನು. ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಚಿತ್ರ ಮೂಡಿಸುವ ‘ಕ್ಯಾಲೊಟೈಪ್’ ವಿಧಾನದಲ್ಲಿ ಆಡಮ್‌ಸನ್ ಪರಿಣತನಾಗಿದ್ದನು. ಚಿತ್ರಕಾರನ ಕಣ್ಣೂ ರಸಾಯನಜ್ಞನ ಕೈಯೂ ಹೀಗೆ ಒಂದುಗೂಡಿದವು.

ಆ ಕಾಗದಕ್ಕೆ ಬೆಳಕು ಬಹಳವಾಗಿ ಬೇಕಾಗಿತ್ತು. ಬಿಸಿಲಿನಲ್ಲಿಯೂ ಚಿತ್ರ ಮೂಡಲು ಕೆಲವೊಮ್ಮೆ ನಿಮಿಷಗಳೇ ಹಿಡಿಯುತ್ತಿದ್ದವು. ಆದುದರಿಂದ ಕ್ಯಾಲ್ಟನ್ ಗುಡ್ಡದ ಮೇಲಿದ್ದ ‘ರಾಕ್ ಹೌಸ್’ ಎಂಬ ಮನೆಯ ಹೊರಗೆ, ತೆರೆದ ಆಕಾಶದಡಿಯಲ್ಲಿ, ಅವರು ಕುರ್ಚಿ, ಮೇಜು, ಪುಸ್ತಕ, ಪರದೆಗಳನ್ನು ಜೋಡಿಸಿ ಒಳಕೋಣೆಯ ತೋರಿಕೆಯನ್ನು ನಿರ್ಮಿಸಿದರು. ಕುಳಿತವರು ಅಲುಗಾಡದಂತೆ ಮೇಜಿಗೆ ಒರಗಿಯೋ ಗಲ್ಲಕ್ಕೆ ಕೈಯೂರಿಯೋ ಕುಳ್ಳಿರುತ್ತಿದ್ದರು. ನೆರಳು ಬಿದ್ದ ಭಾಗಕ್ಕೆ ದರ್ಪಣದಿಂದ ಬೆಳಕನ್ನು ಪ್ರತಿಫಲಿಸುವ ಉಪಾಯವೂ ಅವರಿಗೆ ತಿಳಿದಿತ್ತು.

ಬೆಳಕು ಬೇಕೆಂದಮಾತ್ರಕ್ಕೆ ಮುಖವನ್ನು ಉರಿಬಿಸಿಲಿಗೆ ಒಡ್ಡಿದರೆ ಸಾಲದು. ಬೆಳಕು ಯಾವ ಕಡೆಯಿಂದ, ಯಾವ ರೀತಿಯಲ್ಲಿ ಬೀಳುತ್ತದೆಂಬುದನ್ನು ಗಮನಿಸಬೇಕು. ಎಡಿನ್‌ಬರೋ ನಗರವು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಅಲ್ಲಿ ಸೂರ್ಯನು ಎಂದಿಗೂ ನಡುನೆತ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಾದರೋ ವರ್ಷಕ್ಕೆ ಎರಡು ಬಾರಿ ನೇರವಾಗಿ ನೆತ್ತಿಯ ಮೇಲೆಯೇ ಬರುತ್ತಾನೆ. ಅಂತಹ ನಡುಹಗಲಿನಲ್ಲಿ ಹುಬ್ಬಿನ ನೆರಳು ಕಣ್ಣುಗಳನ್ನು ಮುಚ್ಚುತ್ತದೆ. ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಎಳೆಬಿಸಿಲಿನಲ್ಲಿಯೂ ಇಳಿಬಿಸಿಲಿನಲ್ಲಿಯೂ ಕಿರಣಗಳು ಓರೆಯಾಗಿ ಬಂದು ಮುಖದ ಏರುತಗ್ಗುಗಳನ್ನು ಹಿತವಾಗಿ ತೋರಿಸುತ್ತವೆ. ತೆಳುಮೋಡ ಕವಿದಾಗ ಆಕಾಶದ ವಿಸ್ತಾರವೆಲ್ಲ ಬೆಳಕಿನ ಮೂಲವಾಗುವುದರಿಂದ ನೆರಳಿನ ಅಂಚುಗಳು ಮೃದುವಾಗುತ್ತವೆ. ಬಿಸಿಲೇರಿದ ಹೊತ್ತಿನಲ್ಲಿ ಮನೆಯ ಜಗಲಿಯಲ್ಲಿ ಹೊರಗಿನ ಬೆಳಕಿಗೆ ಮುಖಮಾಡಿ ಕುಳಿತರೂ ಇದೇ ಗುಣ ದೊರೆಯುತ್ತದೆ. ಒಂದು ಪಕ್ಕಕ್ಕೆ ಬಿಳಿಯ ಪಂಚೆಯನ್ನು ಹಿಡಿದರೆ ಅದು ಬೆಳಕನ್ನು ಹಿಂದಿರುಗಿಸಿ ನೆರಳನ್ನು ತಿಳಿಯಾಗಿಸುತ್ತದೆ. ಕಣ್ಣಿನೊಳಗೆ ಮಿನುಗುವ ಒಂದು ಚುಕ್ಕೆ ಬೆಳಕು ಇಡೀ ಚಿತ್ರಕ್ಕೆ ಜೀವಕಳೆಯನ್ನು ತರುತ್ತದೆ.

ಹಿಲ್ ಮತ್ತು ಆಡಮ್‌ಸನ್ ಪಾದ್ರಿಗಳ ಚಿತ್ರಗಳಿಗೆ ಮಾತ್ರ ತೃಪ್ತರಾಗಲಿಲ್ಲ. ನಗರದ ಸಮೀಪದಲ್ಲಿದ್ದ ನ್ಯೂಹೇವನ್ ಎಂಬ ಮೀನುಗಾರರ ಹಳ್ಳಿಗೆ ಅವರು ತಮ್ಮ ಕ್ಯಾಮೆರಾವನ್ನು ಒಯ್ದರು. ಅಲ್ಲಿನ ಗಂಡಸರು ಕಡಲಿಗಿಳಿದು ಮೀನು ಹಿಡಿಯುತ್ತಿದ್ದರು; ಹೆಂಗಸರು ಭಾರವಾದ ಬುಟ್ಟಿಗಳನ್ನು ಬೆನ್ನಿಗೇರಿಸಿ ಎಡಿನ್‌ಬರೋವಿನಲ್ಲಿ ಮಾರಿ ಬರುತ್ತಿದ್ದರು. ಯಾವ ಚಿತ್ರಕಾರನಿಗೂ ಹಣ ತೆತ್ತು ಭಾವಚಿತ್ರ ಬರೆಸಿಕೊಳ್ಳಲಾರದ ಜನ ಅವರು. ಪಾದ್ರಿಗಳ ಮುಖವನ್ನು ಬೆಳಗಿದ ಸೂರ್ಯನೇ ಅವರ ಮುಖಗಳನ್ನೂ ಬೆಳಗಿದನು. ಬುಟ್ಟಿಯ ಪಕ್ಕದಲ್ಲಿ ನಿಂತ ಮೀನುಗಾರ್ತಿ, ದೋಣಿಗೆ ಒರಗಿದ ಅಂಬಿಗ, ಬರಿಗಾಲಿನ ಹುಡುಗರು—ಇವರೆಲ್ಲರೂ ಆ ಚಿತ್ರಗಳಲ್ಲಿ ಗಣ್ಯರಷ್ಟೇ ಘನತೆಯಿಂದ ಕಾಣುತ್ತಾರೆ.

ಈ ಸಹಯೋಗವು ಬಹುಕಾಲ ನಡೆಯಲಿಲ್ಲ. ದುರ್ಬಲ ಆರೋಗ್ಯದ ಆಡಮ್‌ಸನ್ 1848ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಐದು ವರ್ಷಗಳೊಳಗೆ ಅವರಿಬ್ಬರೂ ಸಾವಿರಾರು ಚಿತ್ರಗಳನ್ನು ತೆಗೆದಿದ್ದರು. ಹಿಲ್ ತನ್ನ ಬೃಹತ್ ಚಿತ್ರಪಟವನ್ನು ಮುಗಿಸಿದುದು 1866ರಲ್ಲಿ. ಆದರೆ ಆ ಪಟಕ್ಕೆ ಕೇವಲ ಸಾಧನವಾಗಲೆಂದು ಆರಂಭಿಸಿದ ಛಾಯಾಚಿತ್ರಗಳೇ ಅದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಪಡೆದವು.

ಇಂದು ಕ್ಷಣಾರ್ಧದಲ್ಲಿ ಚಿತ್ರ ತೆಗೆಯುವ ಉಪಕರಣವು ಅನೇಕರ ಕೈಯಲ್ಲಿದೆ. ಆದರೂ ಮುಖದ ಮೇಲೆ ಬೆಳಕು ಬೀಳುವ ಬಗೆಯನ್ನು ಗಮನಿಸುವ ಕಣ್ಣನ್ನು ಯಾವ ಯಂತ್ರವೂ ಕೊಡಲಾರದು. ಬಿಸಿಲಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. ಆ ಸಮದೃಷ್ಟಿಯನ್ನು ತಾನೂ ಕಲಿತ ಛಾಯಾಗ್ರಾಹಕನ ಕೈಯಲ್ಲಿ ಸಾಮಾನ್ಯರ ಮುಖವೂ ಚಿರಸ್ಥಾಯಿಯಾಗುತ್ತದೆ.