ತೀರ್ಥಯಾತ್ರೆಯೂ ತೀರ್ಥರಕ್ಷಣೆಯೂ

ಫಾಲ್ಗುಣ ಬಹುಳ ತೃತೀಯೆಯು ಶ್ರೀವಾದಿರಾಜ ಗುರುಸಾರ್ವಭೌಮರ ಆರಾಧನೆಯ ದಿನ. ಶ್ರೀಗಳವರು 1600ರಲ್ಲಿ ವೃಂದಾವನಸ್ಥರಾದ ಸೋದೆಗೆ ಆ ದಿನಗಳಲ್ಲಿ ಸಹಸ್ರಾರು ಭಕ್ತರು ಶಿರಸಿಯ ಮಾರ್ಗವಾಗಿ ತೆರಳುತ್ತಾರೆ. ಈ ಯಾತ್ರೆಯ ಕುರಿತು ನಾವು ಒಂದು ಮಾತನ್ನು ವಿಚಾರಮಾಡಬೇಕಾಗಿದೆ.

ಶ್ರೀವಾದಿರಾಜರ 'ತೀರ್ಥಪ್ರಬಂಧ'ವು ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನೂ ನದಿಗಳನ್ನೂ ಸ್ತುತಿಸುವ ಗ್ರಂಥ. ನಮ್ಮ ಮಾತಿನಲ್ಲಿ ತೀರ್ಥವೆಂದರೆ ಕ್ಷೇತ್ರವೂ ಹೌದು, ಪವಿತ್ರಜಲವೂ ಹೌದು. ಜಲವನ್ನು ಕೆಡಿಸಿದವನಿಗೆ ಕ್ಷೇತ್ರದರ್ಶನವು ಪೂರ್ಣವಾಯಿತೆಂದು ಹೇಳುವುದು ಹೇಗೆ?

ಈ ಸೀಮೆಯ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆರಾಧನೆಯಾದರೋ ಮಾರ್ಚ್ ಸುಮಾರಿಗೆ, ಹಳ್ಳ ಬಾವಿಗಳು ಇಳಿಯುತ್ತಿರುವಾಗ ಬರುತ್ತದೆ. ಶಾಲ್ಮಲೆಯ ಸಹಸ್ರಲಿಂಗಗಳು ಶಿವರಾತ್ರಿಯ ಹೊತ್ತಿಗೆ ಕಾಣಿಸುವುದೂ ನೀರು ತಗ್ಗಿರುವ ಕಾರಣದಿಂದಲೇ. ಹೀಗೆ ಜನರು ಅಧಿಕರಾಗುವ ಕಾಲದಲ್ಲಿಯೇ ನೀರು ಅಲ್ಪವಾಗಿರುತ್ತದೆ.

ಭೂಮಿಯ ತಾಪ ಏರಿದಂತೆ ಮಳೆಯ ಕ್ರಮವೂ ಕೆಡುತ್ತಿದೆ. ಕೆಲವೇ ದಿನಗಳಲ್ಲಿ ರಭಸವಾಗಿ ಸುರಿದ ನೀರು ನೆಲದೊಳಗೆ ಇಂಗುವ ಮೊದಲೇ ಹರಿದುಹೋಗುತ್ತದೆ. 2021ರ ಜುಲೈ ತಿಂಗಳಿನ ಅತಿವೃಷ್ಟಿಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಹಾಳಾದುದನ್ನು ನಾವು ಮರೆಯಲಾಗದು. ಇಂತಹ ನೆಲದ ಮೇಲೆ ವಾಹನಗಳ ಭಾರವೂ ಹೆಚ್ಚುತ್ತಿದೆ. ದರ್ಶನವಾದೊಡನೆ ಸಿದ್ದಾಪುರದ ಉಂಚಳ್ಳಿ, ಯಲ್ಲಾಪುರದ ಮಾಗೋಡು, ಸಾತೊಡ್ಡಿ ಜಲಪಾತಗಳನ್ನೂ ಒಂದೆರಡು ದಿನಗಳಲ್ಲಿ ನೋಡಿಬಿಡಬೇಕೆಂಬ ಅವಸರ ನಮ್ಮಲ್ಲಿಯೂ ಇದೆ.

ನದಿಗೆ ಅಭಿಮಾನಿದೇವತೆಯುಂಟು, ಆ ದೇವತೆಗೆ ಅಂತರ್ಯಾಮಿಯಾಗಿ ಶ್ರೀಹರಿಯಿದ್ದಾನೆ ಎಂಬುದು ನಮ್ಮ ಅನುಸಂಧಾನ. ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ದಡದಲ್ಲಿ ನಾವು ಬಿಸುಟ ಪ್ಲಾಸ್ಟಿಕ್ ಚೀಲವೂ ಸಾಬೂನಿನ ನೊರೆಯೂ ಕೆಳಗಿನ ಊರಿನವರ ನೀರನ್ನು ಮುಟ್ಟುತ್ತವೆ. ಸ್ನಾನಮಂತ್ರವನ್ನು ಹೇಳಿದ ಬಾಯಿಗೆ ಇದು ಒಪ್ಪುವ ಕಾರ್ಯವಲ್ಲ.

ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಕಾಡು ಉಳಿದರೆ ನೀರು ಉಳಿಯುತ್ತದೆಂದು ಅವರು ಅರಿತಿದ್ದರು. ಅವರು ಉಳಿಸಿದ ನೀರಿಗೆ ಅತಿಥಿಗಳಾಗಿ ಹೋಗುವ ನಾವು ಇಷ್ಟನ್ನಾದರೂ ಪಾಲಿಸೋಣ:

ಆರಾಧನೆಗೆ ಹೋಗುವವರು ನಾಲ್ಕಾರು ಕುಟುಂಬಗಳು ಕೂಡಿ ಒಂದೇ ವಾಹನದಲ್ಲಿ ಹೋಗುವುದು. ಅನುಕೂಲವಿದ್ದವರು ಮಳೆ ನಿಂತ ಕಾರ್ತಿಕ, ಮಾರ್ಗಶಿರಗಳಲ್ಲಿ ಹೋಗುವುದು. ಮನೆಯಿಂದಲೇ ಚೆಂಬು, ಬಟ್ಟೆಯ ಚೀಲಗಳನ್ನು ಒಯ್ಯುವುದು. ನದಿಯಲ್ಲಿ ಸಾಬೂನು ಬಳಸದಿರುವುದು, ವಸ್ತ್ರಗಳನ್ನು ಬಿಡದಿರುವುದು. ಐದು ಸ್ಥಳಗಳನ್ನು ಓಡಿ ನೋಡುವುದಕ್ಕಿಂತ ಒಂದೇ ಸನ್ನಿಧಿಯಲ್ಲಿ ಒಂದು ರಾತ್ರಿ ತಂಗಿ ಪಾರಾಯಣ ಮಾಡುವುದು.

ಈ ವರ್ಷ ಯಾತ್ರೆಯ ಸಂಕಲ್ಪ ಮಾಡುವಾಗ ಹಿರಿಯರು ಈ ನಿಯಮಗಳನ್ನು ಮಕ್ಕಳಿಗೂ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.